ರೂಟ್ಸ್ ಮೇಳದ ಕಚೇರಿ ಮುದ್ರಿಕೆ

ಕಚೇರಿಯಲ್ಲಿ ಕುಳಿತು ಕೇಳಿದ ಹಾಡೂ ಮುದ್ರಿಕೆಯಲ್ಲಿ ಕೇಳಿದ ಹಾಡೂ ಒಂದೇ ಅಲ್ಲವೆಂಬುದು ಸಂಗೀತಪ್ರಿಯರಾದ ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ವಿದ್ವಾಂಸನು ಶ್ರುತಿ ಸೇರಿಸಿಕೊಳ್ಳುವಾಗ ಎದುರಿನ ಜಮಖಾನೆಯ ಮೇಲೆ ಯಾರು ಯಾರು ಕುಳಿತಿರುವರೆಂದು ಒಮ್ಮೆ ಕಣ್ಣೆತ್ತಿ ನೋಡುತ್ತಾನೆ. ಅಂದಿನ ರಾಗವಿಸ್ತಾರವು ಆ ನೋಟದಲ್ಲಿಯೇ ಅರ್ಧ ನಿಶ್ಚಯವಾಗಿಹೋಗುತ್ತದೆ. ಮುದ್ರಣಶಾಲೆಯ ಗಾಜಿನ ಕೋಣೆಯಲ್ಲಿ ಆ ನೋಟಕ್ಕೆ ಎಡೆಯಿಲ್ಲ. ಈ ಕೊರತೆಯನ್ನು ತುಂಬಿಕೊಳ್ಳುವುದಕ್ಕಾಗಿಯೇ ಕಚೇರಿಯನ್ನು ನಡೆದ ಸ್ಥಳದಲ್ಲಿ, ನಡೆದಂತೆ, ಕೆಮ್ಮು ಚಪ್ಪಾಳೆಗಳೊಡನೆ ಮುದ್ರಿಸುವ ಪದ್ಧತಿಯು ಬಂದಿತು. ಅಂತಹ ಒಂದು ಮುದ್ರಿಕೆಯನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಬೇಕೆಂದಿರುವೆವು. ಅದು ನಮ್ಮ ಕಡೆಯ ಸಂಗೀತವಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದ ‘ದಿ ರೂಟ್ಸ್’ ಎಂಬ ಹಿಪ್‌ಹಾಪ್ ಮೇಳದವರು 1999ರ ನವೆಂಬರಿನಲ್ಲಿ ಪ್ರಕಟಿಸಿದ ‘ದಿ ರೂಟ್ಸ್ ಕಮ್ ಅಲೈವ್’ ಎಂಬುದು.

ಈ ಹೆಸರನ್ನು ಕಂಡೊಡನೆಯೇ ಹುಬ್ಬುಗಂಟಿಕ್ಕುವ ಹಿರಿಯರು ನಮ್ಮ ಸಂಘದಲ್ಲಿ ಕೆಲವರಾದರೂ ಇರುವರು. ಮನೆಯ ಹುಡುಗರು ಕಿವಿಗೆ ತಂತಿ ಸಿಕ್ಕಿಸಿಕೊಂಡು ತಲೆಯಾಡಿಸುವ ಗಲಭೆಯೇ ಹಿಪ್‌ಹಾಪ್ ಎಂಬುದು ಅವರ ಎಣಿಕೆ. ನಮ್ಮ ಎಣಿಕೆಯೂ ಬಹುಕಾಲ ಅದೇ ಆಗಿದ್ದಿತು. ಅದನ್ನು ಮರೆಮಾಚುವುದರಿಂದ ಪ್ರಯೋಜನವಿಲ್ಲ. ರಜೆಗೆ ಬಂದಿದ್ದ ಮಗಳ ಮಗನು ಈ ಮುದ್ರಿಕೆಯನ್ನು ಮೇಜಿನ ಮೇಲಿಟ್ಟು, “ತಾತ, ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಬೈಯಿರಿ” ಎಂದು ಹೇಳಿ ಊರಿಗೆ ಹೊರಟುಹೋದನು. ಪೂರ್ತಿ ಕೇಳಿದೆವು, ಒಂದು ಸಲವಲ್ಲ, ಹಲವು ಸಲ. ಬೈಯಬೇಕಾದುದು ಸ್ವಲ್ಪ ಉಂಟು. ಅದನ್ನು ಅದರ ಸ್ಥಳದಲ್ಲಿ ಹೇಳುವೆವು.

ಮೊದಲು ಪೂರ್ವವೃತ್ತಾಂತ. ನ್ಯೂಯಾರ್ಕು ನಗರದ ಬ್ರಾಂಕ್ಸ್ ಎಂಬ ಭಾಗದಲ್ಲಿ, ಸೆಜ್‌ವಿಕ್ ಅವೆನ್ಯೂವಿನ 1520ನೆಯ ನಂಬರಿನ ವಸತಿಗೃಹದಲ್ಲಿ, 1973ನೆಯ ಇಸವಿ ಆಗಸ್ಟ್ 11ರಂದು ನಡೆದ ಒಂದು ಕುಣಿತದ ಕೂಟವನ್ನು ಈ ಕಲೆಯ ಹುಟ್ಟಿನ ದಿನವೆಂದು ರೂಢಿಯಲ್ಲಿ ಎಣಿಸುತ್ತಾರೆ. ಜಮೇಕಾ ದ್ವೀಪದಿಂದ ಬಂದು ನೆಲೆಸಿದ ಮನೆತನದ, ಹದಿನೆಂಟು ವಯಸ್ಸಿನ ಕೂಲ್ ಹರ್ಕ್ ಎಂಬುವನು ಅಂದು ಗ್ರಾಮಫೋನು ತಟ್ಟೆಗಳನ್ನು ನುಡಿಸಿದವನು. ಬ್ರಾಂಕ್ಸ್ ಆಗ ಪಾಳುಬೀಳುತ್ತಿದ್ದ ಪ್ರದೇಶ. ಹೆದ್ದಾರಿಯ ಸಲುವಾಗಿ ಮನೆಗಳನ್ನು ಕೆಡವಿದ್ದರು, ಉಳಿದ ಮನೆಗಳು ಒಂದೊಂದಾಗಿ ಬೆಂಕಿಗೆ ಆಹುತಿಯಾಗುತ್ತಿದ್ದುವು, ಕೆಲಸಕಾರ್ಯಗಳು ಇಲ್ಲವಾಗಿದ್ದುವು. ವಾದ್ಯ ಕೊಳ್ಳುವ ಶಕ್ತಿಯಿಲ್ಲದ ಹುಡುಗರು ಮನೆಯಲ್ಲಿದ್ದ ಹಳೆಯ ತಟ್ಟೆಗಳನ್ನೇ ವಾದ್ಯ ಮಾಡಿಕೊಂಡರು. ಹಾಡಿನ ನಡುವೆ ಗಾಯಕನು ಸುಮ್ಮನಾಗಿ ತಾಳವಾದ್ಯವೊಂದೇ ನುಡಿಯುವ ಕೆಲವು ಕ್ಷಣಗಳಿರುತ್ತವೆಯಷ್ಟೆ. ಎರಡು ಯಂತ್ರಗಳ ಮೇಲೆ ಒಂದೇ ಹಾಡಿನ ಎರಡು ತಟ್ಟೆಗಳನ್ನಿಟ್ಟು, ಒಂದು ಮುಗಿಯುವಷ್ಟರಲ್ಲಿ ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ, ಆ ಕ್ಷಣಗಳನ್ನೇ ಬೇಕಾದಷ್ಟು ಹೊತ್ತು ಎಳೆದರು. ಅದರ ಮೇಲೆ ಒಬ್ಬನು ನಿಂತು ಪ್ರಾಸಕಟ್ಟಿ ಲಯಬದ್ಧವಾಗಿ ಮಾತನಾಡಿದನು. ಅದೇ ರಾಪ್. 1979ರವರೆಗೂ ಇದನ್ನು ತಟ್ಟೆಯಲ್ಲಿ ಅಚ್ಚುಹಾಕಬಹುದೆಂದು ವ್ಯಾಪಾರಿಗಳಿಗೆ ತೋಚಲಿಲ್ಲ. ಕೂಟದಲ್ಲಿ ಯಾರೋ ಕ್ಯಾಸೆಟ್ಟಿನಲ್ಲಿ ಹಿಡಿದುದು ಕೈಯಿಂದ ಕೈಗೆ ಹೋಗಿ ಊರನ್ನೆಲ್ಲ ಸುತ್ತುತ್ತಿದ್ದಿತು.

ಆದುದರಿಂದ ಈ ಕಲೆಯ ಮೊತ್ತಮೊದಲ ಮುದ್ರಿಕೆಗಳೆಲ್ಲವೂ ಸಭೆಯ ಮುದ್ರಿಕೆಗಳೇ ಎಂದಂತಾಯಿತು. ರೂಟ್ಸ್ ಮೇಳದವರು ಇದನ್ನು ಚೆನ್ನಾಗಿ ಬಲ್ಲರು. ಅವರ ಮುದ್ರಿಕೆಯ ಮೊದಲ ತುಣುಕಿಗೆ ‘ಲೈವ್ ಅಟ್ ದಿ ಟಿ-ಕನೆಕ್ಷನ್’ ಎಂದು ಹೆಸರು. ಟಿ-ಕನೆಕ್ಷನ್ ಎಂಬುದು 1970ರ ದಶಕದ ಕೊನೆಯಲ್ಲಿ ಬ್ರಾಂಕ್ಸ್‌ನಲ್ಲಿ ಇಂತಹ ಕೂಟಗಳು ನಡೆಯುತ್ತಿದ್ದ ಒಂದು ಸ್ಥಳ. ಅರ್ಧ ನಿಮಿಷವೂ ಇಲ್ಲದ ತುಣುಕು. ಆದರೂ ಹರಿಕಥೆಯವರು ಪೀಠಿಕೆಯಲ್ಲಿ ಗುರುಪರಂಪರೆಯನ್ನು ನೆನೆಯುವಂತೆ, ತಾವು ಯಾರ ಮಕ್ಕಳೆಂಬುದನ್ನು ಹೇಳಿಯೇ ಅವರು ಮುಂದಕ್ಕೆ ಹೋಗುತ್ತಾರೆ.

ಇನ್ನು ಮೇಳದ ವಿಚಾರ. ಇದರ ಇಬ್ಬರು ಮೂಲಪುರುಷರು ಅಹ್ಮೀರ್ ಥಾಂಪ್ಸನ್, ತಾರೀಖ್ ಟ್ರಾಟರ್ ಎಂಬುವರು. ಮೊದಲನೆಯವನು ಕ್ವೆಸ್ಟ್‌ಲವ್ ಎಂಬ ಹೆಸರಿನಿಂದ ಡ್ರಮ್ಮು ಬಾರಿಸುವನು. ಎರಡನೆಯವನು ಬ್ಲ್ಯಾಕ್ ಥಾಟ್ ಎಂಬ ಹೆಸರಿನಿಂದ ರಾಪ್ ಹೇಳುವನು. ಇವರು ಸಂಧಿಸಿದುದು 1980ರ ದಶಕದ ಕೊನೆಯಲ್ಲಿ, ಫಿಲಡೆಲ್ಫಿಯಾದ ಸಾರ್ವಜನಿಕ ಕಲಾಪ್ರೌಢಶಾಲೆಯಲ್ಲಿ. ಜಾಸ್ ಸಂಗೀತದಲ್ಲಿ ಈಗ ಹೆಸರಾಗಿರುವ ಬೇಸ್ ವಾದಕ ಕ್ರಿಶ್ಚಿಯನ್ ಮೆಕ್‌ಬ್ರೈಡ್ ಮೊದಲಾದವರೂ ಅದೇ ಶಾಲೆಯ ಹುಡುಗರು. ಈ ವಿವರವನ್ನು ಸುಮ್ಮನೆ ಹೇಳಿದುದಲ್ಲ. ಬ್ರಾಂಕ್ಸ್‌ನ ಹುಡುಗರು ವಾದ್ಯವಿಲ್ಲದೆ ತಟ್ಟೆಯನ್ನು ವಾದ್ಯ ಮಾಡಿಕೊಂಡರಷ್ಟೆ. ಫಿಲಡೆಲ್ಫಿಯಾದ ಈ ಹುಡುಗರಿಗೆ ಜನರ ತೆರಿಗೆಯಿಂದ ನಡೆಯುವ ಶಾಲೆಯೊಂದು ವಾದ್ಯವನ್ನೂ ವಿದ್ಯೆಯನ್ನೂ ಕೊಟ್ಟಿತು. ಯಂತ್ರದಿಂದ ಹುಟ್ಟಿದ ಗಾನವನ್ನು ಇವರು ಕೈವಾದ್ಯಗಳಿಂದ ನುಡಿಸಹೊರಟರು. ಮೊದಲು ಸೌತ್ ಸ್ಟ್ರೀಟ್ ಎಂಬ ಬೀದಿಯ ಬದಿಯಲ್ಲಿ ನಿಂತು ನುಡಿಸಿದರು. ಮೊದಲ ಹೆಸರು ‘ಸ್ಕ್ವೇರ್ ರೂಟ್ಸ್’ ಎಂದಿದ್ದುದು, ಅದೇ ಹೆಸರಿನ ಇನ್ನೊಂದು ಮೇಳವು ಊರಿನಲ್ಲಿದ್ದುದರಿಂದ, ಬರಿಯ ‘ರೂಟ್ಸ್’ ಎಂದಾಯಿತು. 1993ರಲ್ಲಿ ಜರ್ಮನಿಗೆ ಕಚೇರಿಗಾಗಿ ಹೋಗಬೇಕಾದಾಗ ಅಲ್ಲಿ ಮಾರುವುದಕ್ಕೆಂದು ತಾವೇ ‘ಆರ್ಗ್ಯಾನಿಕ್ಸ್’ ಎಂಬ ಮುದ್ರಿಕೆಯನ್ನು ತಯಾರಿಸಿದರು. ಮುಂದೆ ಕಂಪೆನಿಗಳವರು ಬಂದರು.

ಕ್ವೆಸ್ಟ್‌ಲವ್‌ನ ಡ್ರಮ್ಮಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಆತನ ತಂದೆ ಲೀ ಆಂಡ್ರೂಸ್ ಎಂಬುವರು 1950ರ ದಶಕದಲ್ಲಿ ಪ್ರಸಿದ್ಧರಾಗಿದ್ದ ಗಾಯಕರು. ಮಗನು ಎಳವೆಯಿಂದಲೇ ತಂದೆಯ ಕಚೇರಿಗಳಲ್ಲಿ ಬಾರಿಸಿ ಪಳಗಿದವನು. ಮುದ್ರಿಕೆಯ ಎರಡನೆಯ ಹಾಡಾದ ‘ದಿ ನೆಕ್ಸ್ಟ್ ಮೂವ್‌ಮೆಂಟ್’ ಕೇಳಿದಾಗ ನಮಗೆ ಮೊದಲು ಉಂಟಾದ ಭಾವನೆ ನಿರಾಶೆಯೇ. ಇಷ್ಟು ಸಾಧನೆಯುಳ್ಳವನು ಏಕೆ ಏನನ್ನೂ ಮಾಡುತ್ತಿಲ್ಲ? ಅದೇ ಪೆಟ್ಟು, ಅದೇ ಎಡೆ, ಅದೇ ಪೆಟ್ಟು, ಅಲಂಕಾರವಿಲ್ಲ, ಮುಕ್ತಾಯವಿಲ್ಲ. ಮೃದಂಗದ ತನಿಯಾವರ್ತನವನ್ನು ಕೇಳಿ ಬೆಳೆದ ಕಿವಿಗೆ ಇದು ಬಡತನವಾಗಿ ಕಾಣುವುದು. ಎರಡನೆಯ ಸಲ ಕೇಳಿದಾಗ ಗುಟ್ಟು ಹೊಳೆಯಿತು. ರಾಪ್ ಹಾಡುಗಳಲ್ಲಿ ಹಳೆಯ ತಟ್ಟೆಯಿಂದ ಕತ್ತರಿಸಿದ ಡ್ರಮ್ಮಿನ ತುಣುಕನ್ನು ಯಂತ್ರವು ಚಕ್ರದಂತೆ ತಿರುಗಿಸುತ್ತದೆ; ಅದು ತಪ್ಪುವುದಿಲ್ಲ, ದಣಿಯುವುದಿಲ್ಲ, ತನ್ನನ್ನು ತೋರಿಸಿಕೊಳ್ಳುವುದೂ ಇಲ್ಲ. ಈ ಮನುಷ್ಯನು ಆ ಯಂತ್ರವನ್ನು ಅನುಕರಿಸುತ್ತಿದ್ದಾನೆ. ಯಂತ್ರವು ಮೊದಲು ಮನುಷ್ಯನನ್ನು ಅನುಕರಿಸಿತು. ಈಗ ಮನುಷ್ಯನು ಯಂತ್ರವನ್ನು ಅನುಕರಿಸಿ, ಕ್ವಚಿತ್ತಾಗಿ, ಇಡೀ ಹಾಡಿನಲ್ಲಿ ಒಂದೆರಡು ಕಡೆ ಮಾತ್ರ, ಪೆಟ್ಟನ್ನು ಕೂದಲೆಳೆಯಷ್ಟು ತಡಮಾಡಿ, ತಾನು ಯಂತ್ರವಲ್ಲವೆಂದು ನೆನಪುಮಾಡುತ್ತಾನೆ. ಆ ತಡವು ಬಂದಾಗ ಸಭೆಯು ಕೂಗಿಕೊಳ್ಳುವುದು. ರಸಿಕರು ಎಲ್ಲ ದೇಶಗಳಲ್ಲಿಯೂ ಉಂಟು.

ಇದರ ಹಿಂದೆ ಒಂದು ಅನ್ಯಾಯದ ಕಥೆಯೂ ಇರುವುದು. ಜೇಮ್ಸ್ ಬ್ರೌನ್ ಎಂಬ ಪ್ರಖ್ಯಾತ ಗಾಯಕನ ಮೇಳದಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಎಂಬ ಡ್ರಮ್ಮುವಾದಕನಿದ್ದನು. 1970ರಲ್ಲಿ ಹೊರಟ ‘ಫಂಕಿ ಡ್ರಮ್ಮರ್’ ಎಂಬ ತಟ್ಟೆಯಲ್ಲಿ ಆತನು ಬಾರಿಸಿದ ಕೆಲವೇ ಕ್ಷಣಗಳ ತುಣುಕು ಮುಂದೆ ನೂರಾರು ರಾಪ್ ಹಾಡುಗಳ ಬೆನ್ನೆಲುಬಾಯಿತು. ಹಾಡಿದವರೂ ಮಾರಿದವರೂ ಧನಿಕರಾದರು. 2017ರಲ್ಲಿ ತೀರಿಕೊಂಡ ಸ್ಟಬಲ್‌ಫೀಲ್ಡನಿಗೆ ಅದರಿಂದ ಹೇಳಿಕೊಳ್ಳುವಂತಹ ಪ್ರತಿಫಲವೇನೂ ದೊರೆಯಲಿಲ್ಲ. ಏಕೆಂದರೆ ಕಾಯಿದೆಯ ದೃಷ್ಟಿಯಲ್ಲಿ ಹಾಡು ಕಟ್ಟಿದವನು ಒಡೆಯ, ತಟ್ಟೆ ಅಚ್ಚುಹಾಕಿದವನು ಒಡೆಯ; ಬಾರಿಸಿದವನು ಕೂಲಿ. 1991ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರೊಬ್ಬರು, ಅಪ್ಪಣೆಯಿಲ್ಲದೆ ತುಣುಕು ತೆಗೆಯುವುದು ಕಳವೆಂದು, ಬೈಬಲ್ಲಿನ ವಿಧಿಯನ್ನೇ ತೀರ್ಪಿನ ತಲೆಯಲ್ಲಿಟ್ಟು ಬರೆದರು. ಅದರಿಂದಲೂ ವಾದಕನ ಕೈಗೆ ಕಾಸು ಬಂದಿತೆಂದಲ್ಲ. ಒಡೆಯರ ಹಕ್ಕು ಭದ್ರವಾಯಿತು, ಅಷ್ಟೇ. ಈ ಸ್ಥಿತಿಯಲ್ಲಿ ಡ್ರಮ್ಮುವಾದಕನೇ ಮೇಳದ ಮುಖ್ಯನಾಗಿ ವೇದಿಕೆಯ ಮೇಲೆ ಎಲ್ಲರ ಕಣ್ಣಿಗೆ ಕಾಣುವಂತೆ ಕುಳಿತು ಆ ಪೆಟ್ಟನ್ನು ತನ್ನ ಕೈಯಿಂದಲೇ ಬಾರಿಸುವುದು ಬರಿಯ ಸಂಗೀತದ ಸಂಗತಿಯಲ್ಲವೆಂದು ನಮಗೆ ತೋರುವುದು.

ಬಾಯಿಯ ವಾದ್ಯದ ಮಾತನ್ನೂ ಇಲ್ಲಿಯೇ ಮುಗಿಸುವೆವು. ರಾಜೆಲ್, ಸ್ಕ್ರ್ಯಾಚ್ ಎಂಬ ಇಬ್ಬರು ಈ ಮೇಳದಲ್ಲಿದ್ದರು. ರಾಜೆಲ್ ತುಟಿ ನಾಲಗೆ ಗಂಟಲುಗಳಿಂದ ಡ್ರಮ್ಮಿನ ಎಲ್ಲ ಪೆಟ್ಟುಗಳನ್ನೂ ಹೊರಡಿಸುವನು. ನಮ್ಮ ಕೊನ್ನಕ್ಕೋಲಿನ ನೆನಪು ಬರುವುದು ಸಹಜ. ಆದರೆ ಭೇದವನ್ನೂ ಗಮನಿಸಬೇಕು. ಕೊನ್ನಕ್ಕೋಲಿನವನು ಜತಿಯನ್ನು ಅಕ್ಷರಗಳಲ್ಲಿ ನುಡಿಯುತ್ತಾನೆ. ಅದು ವಾದ್ಯದ ಭಾಷೆ, ವಾದ್ಯದ ಅಣಕವಲ್ಲ. ರಾಜೆಲ್ ಹೊರಡಿಸುವುದು ವಾದ್ಯದ ನಾದವನ್ನೇ. ಕಣ್ಣು ಮುಚ್ಚಿ ಕೇಳಿದರೆ ಮೋಸಹೋಗಬೇಕು. ಸ್ಕ್ರ್ಯಾಚ್‌ನದು ಇನ್ನೂ ವಿಚಿತ್ರ: ತಟ್ಟೆಯನ್ನು ಮುಳ್ಳಿನ ಕೆಳಗೆ ಹಿಂದಕ್ಕೂ ಮುಂದಕ್ಕೂ ಉಜ್ಜಿದಾಗ ಬರುವ ಕಿರುಗುಟ್ಟುವ ಸದ್ದನ್ನು ಆತನು ಬಾಯಿಂದ ಮಾಡುತ್ತಾನೆ. ವಾದ್ಯವಿಲ್ಲದೆ ತಟ್ಟೆ ಬಂದಿತು. ಇಲ್ಲಿ ತಟ್ಟೆಯೂ ಇಲ್ಲದೆ ಬಾಯಿ ಬಂದಿದೆ. ‘ಎಸ್ಸೇವ್ಯೂಮನ್’ ಎಂಬ ಭಾಗದಲ್ಲಿ ಬ್ಲ್ಯಾಕ್ ಥಾಟ್ ಅರ್ಥವಿಲ್ಲದ ಸ್ವರಗಳಲ್ಲಿ ಒಂದು ಪಂಕ್ತಿಯನ್ನು ಎಸೆಯುತ್ತಾನೆ, ವಾದ್ಯವು ಅದನ್ನು ಹಿಡಿದು ಹಿಂದಕ್ಕೆ ಕೊಡುತ್ತದೆ. ಸವಾಲು ಜವಾಬಿನ ಪದ್ಧತಿ. ಮನೆಯವರೂ ಅಡಿಗೆಮನೆಯಿಂದ ಹೊರಕ್ಕೆ ಬಂದು ನಿಂತು ಕೇಳಿದ ಭಾಗವಿದು.

ಈಗ ಈ ಲೇಖನದ ಮುಖ್ಯ ಪ್ರಶ್ನೆಗೆ ಬರೋಣ. ರೂಟ್ಸ್ ಮೇಳವನ್ನು ಕುರಿತು ಬರೆದವರು ಅದನ್ನು ‘ಸಾಮಾಜಿಕ ಪ್ರಜ್ಞೆಯುಳ್ಳ’ ಮೇಳವೆಂದು ಕರೆಯುವುದು ವಾಡಿಕೆಯಾಗಿಹೋಗಿದೆ. ಅದಕ್ಕೆ ಆಧಾರಗಳೂ ಇಲ್ಲದಿಲ್ಲ. 1982ರ ‘ದಿ ಮೆಸೇಜ್’ ಎಂಬ ಹಾಡಿನಿಂದ ರಾಪ್ ಕುಣಿತದ ಕೂಟವನ್ನು ಬಿಟ್ಟು ಬಡವರ ಬೀದಿಯ ಕಷ್ಟವನ್ನು ಹೇಳುವ ದಾರಿಗೆ ಬಂದಿತು. ಪಬ್ಲಿಕ್ ಎನಿಮಿ ಮೇಳದವರು ಅದನ್ನು ರಾಜಕೀಯ ಭಾಷಣವನ್ನಾಗಿ ಮಾಡಿದರು. ರೂಟ್ಸ್ ಮೇಳವು ಈ ದಾರಿಯಲ್ಲಿ ಬಂದುದು. ಚಿನ್ನದ ಸರ, ಮೋಟಾರು ಗಾಡಿ, ಅರೆಬತ್ತಲೆ ಹೆಂಗಸರು ಇವುಗಳಿಂದ ತುಂಬಿದ ರಾಪ್ ಚಿತ್ರಗಳನ್ನು 1996ರ ‘ವಾಟ್ ದೇ ಡೂ’ ಎಂಬ ಹಾಡಿನ ಚಿತ್ರದಲ್ಲಿ ಅವರು ನಗೆಯಾಡಿದರು. 1999ರ ಫೆಬ್ರವರಿಯಲ್ಲಿ ಹೊರಟ ಮುದ್ರಿಕೆಗೆ ನೈಜೀರಿಯಾದ ಚಿನುವ ಅಚೆಬೆಯವರ ಕಾದಂಬರಿಯ ಹೆಸರನ್ನು, ಎಂದರೆ ‘ಥಿಂಗ್ಸ್ ಫಾಲ್ ಅಪಾರ್ಟ್’ ಎಂಬುದನ್ನು, ಇಟ್ಟರು. ಅಚೆಬೆಯವರು ಅದನ್ನು ಯೇಟ್ಸ್ ಕವಿಯಿಂದ ಪಡೆದುದು. ಹೀಗೆ ಐರ್ಲೆಂಡಿನಿಂದ ಆಫ್ರಿಕಕ್ಕೆ, ಅಲ್ಲಿಂದ ಫಿಲಡೆಲ್ಫಿಯಾಕ್ಕೆ ಒಂದು ನುಡಿ ಸಾಗರಗಳನ್ನು ದಾಟಿತು. ಆ ಮುದ್ರಿಕೆಯ ಹೊದಿಕೆಯ ಮೇಲಿದ್ದುದು ಕಪ್ಪು ಜನರನ್ನು ಪೋಲೀಸರು ಅಟ್ಟಿಕೊಂಡು ಬರುತ್ತಿರುವ 1960ರ ದಶಕದ ಛಾಯಾಚಿತ್ರ.

ಇಷ್ಟೆಲ್ಲ ನಿಜ. ಆದರೆ ನಾವು ಮುಂದಿಟ್ಟುಕೊಂಡಿರುವ ಕಚೇರಿ ಮುದ್ರಿಕೆಯಲ್ಲಿ ಸಮಾಜದ ವಿಚಾರವನ್ನು ಹುಡುಕುತ್ತ ಹೊರಟವರಿಗೆ ದೊರೆಯುವುದು ಬಹು ಸ್ವಲ್ಪ. ಬ್ಲ್ಯಾಕ್ ಥಾಟ್‌ನ ಪದ್ಯಗಳಲ್ಲಿ ಹೆಚ್ಚಿನ ಪಾಲು ತನ್ನ ಕವಿತಾಶಕ್ತಿಯ ಹೊಗಳಿಕೆ, ಪ್ರತಿಕವಿಗಳ ತೆಗಳಿಕೆ. ನಮ್ಮ ಹಳಗನ್ನಡ ಕವಿಗಳು ಗ್ರಂಥಾದಿಯಲ್ಲಿ ನಾಲ್ಕು ಪದ್ಯಗಳಲ್ಲಿ ಮುಗಿಸಿಕೊಳ್ಳುತ್ತಿದ್ದ ಕೆಲಸವನ್ನು ಈತನು ಒಂದು ಗಂಟೆಯ ಮೇಲೆ ಎಳೆಯುತ್ತಾನೆ. ಉಸಿರಿನ ಮೇಲೆ ಆತನಿಗಿರುವ ಅಧಿಕಾರ ಆಶ್ಚರ್ಯಕರವಾದುದು. ಎಲ್ಲಿ ಉಸಿರು ತೆಗೆದುಕೊಂಡನೆಂದು ಹುಡುಕಿ ಹುಡುಕಿ ನಾವೇ ಉಸಿರುಕಟ್ಟಿದೆವು. ಆದರೆ ಬೀದಿಯ ಬಡತನ, ಪೋಲೀಸರ ದೌರ್ಜನ್ಯ, ಶಾಲೆಯ ದುಃಸ್ಥಿತಿ ಇವು ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಮಿಂಚಿ ಮಾಯವಾಗುವುವು. ಹಾಗಾದರೆ ಆ ಬಿರುದು ಸುಳ್ಳೇ?

ನಮ್ಮ ಆಲಂಕಾರಿಕರು ಉಪದೇಶದಲ್ಲಿ ಮೂರು ಬಗೆಯನ್ನು ಹೇಳಿರುವರು: ಒಡೆಯನಂತೆ ಆಜ್ಞಾಪಿಸುವುದು, ಗೆಳೆಯನಂತೆ ತಿಳಿಯಹೇಳುವುದು, ಕಾಂತೆಯಂತೆ ಒಲಿಸಿಕೊಳ್ಳುವುದು. ಕಾವ್ಯವು ಮೂರನೆಯದೆಂದು ಮಮ್ಮಟನ ಮತ. ಪಬ್ಲಿಕ್ ಎನಿಮಿಯವರದು ಮೊದಲನೆಯ ಬಗೆ. ‘ದಿ ಮೆಸೇಜ್’ ಎರಡನೆಯದು ಎನ್ನಬಹುದು. ರೂಟ್ಸ್ ಮೇಳದ ಈ ಕಚೇರಿಯನ್ನು ಮೂರನೆಯದರಲ್ಲಿ ಸೇರಿಸೋಣವೆಂದರೆ ಅದೂ ಪೂರ್ತಿ ಒಪ್ಪುವುದಿಲ್ಲ. ಇಲ್ಲಿ ಒಲಿಸಿಕೊಂಡು ಹೇಳುವುದಕ್ಕೆ ಒಂದು ಉಪದೇಶವೇ ಇಲ್ಲವಲ್ಲ. ಸಾಮಾಜಿಕವಾದುದು ಇಲ್ಲಿ ಮಾತಿನಲ್ಲಿಲ್ಲ, ಮೇಳದ ನಡೆವಳಿಕೆಯಲ್ಲಿದೆ ಎಂಬುದು ಹಲವು ಸಲ ಕೇಳಿದ ಮೇಲೆ ನಮಗೆ ಉಂಟಾದ ಅಭಿಪ್ರಾಯ. ಅದನ್ನು ಸಮರ್ಥಿಸುವುದಕ್ಕೆ ಒಂದೇ ಹಾಡನ್ನು ತೆಗೆದುಕೊಳ್ಳುವೆವು.

‘ಯು ಗಾಟ್ ಮಿ’ ಎಂಬುದು ಆ ಹಾಡು. ಪ್ರವಾಸದಲ್ಲಿಯೇ ಇರುವ ಹಾಡುಗಾರ, ಊರಿನಲ್ಲಿ ಅವನಿಗಾಗಿ ಕಾಯುವ ಹೆಂಗಸು, ನಡುವೆ ಚಾಡಿ ಹೇಳುವ ಜನ, ವಿಷಯ ಇಷ್ಟೇ. ಗಂಡಿನ ಭಾಗವು ರಾಪ್, ಹೆಣ್ಣಿನ ಪಲ್ಲವಿಯು ಗಾನ. ಆ ಪಲ್ಲವಿಯನ್ನು ಬರೆದವಳು ಫಿಲಡೆಲ್ಫಿಯಾದವಳೇ ಆದ ಜಿಲ್ ಸ್ಕಾಟ್. ಅಲ್ಲಿಯ ಕವಿಗೋಷ್ಠಿಗಳಲ್ಲಿ ತನ್ನ ಪದ್ಯಗಳನ್ನು ವಾಚಿಸುತ್ತಿದ್ದ ತರುಣಿ. ಆಗ ಅವಳ ಹೆಸರಿನಲ್ಲಿ ಒಂದು ಮುದ್ರಿಕೆಯೂ ಇರಲಿಲ್ಲ. ಮೊದಲು ಮುದ್ರಣಶಾಲೆಯಲ್ಲಿ ಅವಳೇ ಅದನ್ನು ಹಾಡಿದ್ದಳು. ಆದರೆ ಕಂಪೆನಿಯವರಿಗೆ ಹೆಸರಿರುವ ಕಂಠ ಬೇಕಾಯಿತು; ಎರಿಕಾ ಬಾಡು ಅವರಿಂದ ಹಾಡಿಸಿ ‘ಥಿಂಗ್ಸ್ ಫಾಲ್ ಅಪಾರ್ಟ್’ ಮುದ್ರಿಕೆಯಲ್ಲಿ ಹೊರಡಿಸಿದರು. ಬಾಡು ಅವರು ಮಹಾ ಗಾಯಕಿ. ಅವರ ಹಾಡಿಕೆಯಲ್ಲಿ ಕುಂದು ಹೇಳುವಂತಿಲ್ಲ. ಹಾಡು ಜಗತ್ತನ್ನೆಲ್ಲ ಸುತ್ತಿತು. 2000ದ ಫೆಬ್ರವರಿಯಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂದಿತು. ಬರೆದವಳ ಕಂಠವು ಮಾತ್ರ ಅದರಲ್ಲಿರಲಿಲ್ಲ. ಇದು ಕಳವಲ್ಲ, ಲಿಖಿತದಲ್ಲಿ ಅವಳ ಹೆಸರಿದ್ದಿತು. ಹಣದ ಪಾಲೂ ಇದ್ದಿತು. ಆದರೂ ತಾನು ಕಟ್ಟಿದ ಹಾಡನ್ನು ತಾನೇ ರೇಡಿಯೋದಲ್ಲಿ ಮತ್ತೊಬ್ಬರ ಕಂಠದಲ್ಲಿ ಕೇಳುವ ಕವಿಗೆ ಏನೆನ್ನಿಸೀತೆಂಬುದನ್ನು ಹಾಡು ಕಟ್ಟುವವರೇ ಹೇಳಬೇಕು.

ಕಚೇರಿ ಮುದ್ರಿಕೆಯಲ್ಲಿ ಈ ಹಾಡನ್ನು ಹಾಡುವವಳು ಜಿಲ್ ಸ್ಕಾಟ್. ಮೇಳದವರು ಅವಳನ್ನು ತಮ್ಮೊಡನೆ ವೇದಿಕೆಗೆ ಕರೆತಂದರು. ಅವಳು ಮೊದಲು ಹಾಡುವುದೇ ಇಲ್ಲ ಎನ್ನಬೇಕು. ಮನೆಯ ಬಾಗಿಲಲ್ಲಿ ನಿಂತು ಯಾರೊಡನೆಯೋ ಮೆಲ್ಲನೆ ಹೇಳಿಕೊಳ್ಳುವಂತೆ ಪಲ್ಲವಿಯನ್ನು ಎತ್ತಿಕೊಳ್ಳುವಳು. ಸಭೆಯು ತನಗೆ ಗೊತ್ತಿರುವ ಹಾಡೆಂದು ಜೊತೆಗೂಡುವುದು. ಎರಡನೆಯ ಸಲದ ಹೊತ್ತಿಗೆ ಅವಳು ಸಭೆಗೆ ಗೊತ್ತಿಲ್ಲದ ಕಡೆಗೆ ಪಲ್ಲವಿಯನ್ನು ತಿರುಗಿಸಿಕೊಂಡು ಹೊರಟಿರುವಳು. ಒಂದು ಶಬ್ದವನ್ನು ಹಿಡಿದು ಮೇಲಕ್ಕೆ ಒಯ್ಯುವಳು, ಅಲ್ಲಿಯೇ ನಿಲ್ಲಿಸುವಳು, ಒಡೆಯುವಳು, ಒಡೆದುದನ್ನು ಅಕ್ಷರ ಅಕ್ಷರವಾಗಿ ಕೆಳಕ್ಕೆ ತರುವಳು. ಬ್ಲ್ಯಾಕ್ ಥಾಟ್ ತನ್ನ ಪಾಲನ್ನು ಹೇಳಿ ಮುಗಿಸಿದ ಮೇಲೆ ಹಾಡು ಪೂರ್ತಿಯಾಗಿ ಅವಳದಾಗುವುದು. ಅಷ್ಟು ಹೊತ್ತು ಯಂತ್ರದಂತೆ ಸಂಯಮದಿಂದಿದ್ದ ಕ್ವೆಸ್ಟ್‌ಲವ್ ಇಲ್ಲಿ ಕಟ್ಟು ಬಿಚ್ಚಿ ದುಪ್ಪಟ್ಟು ವೇಗಕ್ಕೆ ಹಾರುವನು. ಅವಳ ಕಂಠವು ಆ ಮಳೆಯ ಮೇಲೆ ತೇಲುವುದು. ನಾವು ಕೇಳಿದ ಯಾವ ಸಂಗೀತದಲ್ಲಿಯೂ, ಒಬ್ಬರು ತಮಗೆ ಸೇರಿದುದನ್ನು ಇಷ್ಟು ಸಂತೋಷದಿಂದ, ಇಷ್ಟು ದ್ವೇಷರಹಿತವಾಗಿ ಹಿಂದಕ್ಕೆ ಪಡೆದುಕೊಂಡುದನ್ನು ಕಾಣೆವು. ಅವಳ ಮೊದಲ ಸ್ವಂತ ಮುದ್ರಿಕೆಯು ಹೊರಟುದು 2000ದ ಜುಲೈನಲ್ಲಿ. ‘ಜಿಲ್ ಸ್ಕಾಟ್ ಯಾರು?’ ಎಂಬರ್ಥದ ಪ್ರಶ್ನೆಯೇ ಅದರ ಹೆಸರು. ಆ ಪ್ರಶ್ನೆಗೆ ಈ ಕಚೇರಿಯಲ್ಲಿ ಮುಂಗಡವಾಗಿಯೇ ಉತ್ತರ ಬಂದುಬಿಟ್ಟಿತ್ತು.

ಇದನ್ನೇ ನಾವು ಮೇಳದ ನಡೆವಳಿಕೆ ಎಂದುದು. ಮುದ್ರಣಶಾಲೆಯಲ್ಲಿ ಕಂಪೆನಿಯ ಮಾತು ನಡೆಯಿತು. ಸಭೆಯಲ್ಲಿ ಮೇಳದ ಮಾತು ನಡೆಯಿತು. ಕಾಮನ್ ಎಂಬ ಷಿಕಾಗೋ ನಗರದ ಕವಿಯು ಬಂದು ‘ಲವ್ ಆಫ್ ಮೈ ಲೈಫ್’ ಹಾಡಿನಲ್ಲಿ ಪಾಲುಗೊಳ್ಳುವುದೂ ಈ ಬಗೆಯದೇ. 1994ರಲ್ಲಿ ಹಿಪ್‌ಹಾಪ್ ಕಲೆಯನ್ನೇ ಕೈಬಿಟ್ಟುಹೋದ ಪ್ರೇಯಸಿಯಾಗಿ ಚಿತ್ರಿಸಿ ಹಾಡು ಬರೆದವನು ಆತನು; ಇಲ್ಲಿ ಅದೇ ರೂಪಕವನ್ನು ಇಬ್ಬರೂ ಸೇರಿ ಮುಂದುವರಿಸುವರು. ತನ್ನ ಹೊಗಳಿಕೆಯಲ್ಲಿಯೇ ಮುಳುಗಿದ ಈ ಕಲೆಯಲ್ಲಿ ಇನ್ನೊಬ್ಬನಿಗೆ ನಡುವೇದಿಕೆಯನ್ನು ಬಿಟ್ಟುಕೊಡುವುದು ಸಣ್ಣ ಮಾತಲ್ಲ.

ದೋಷಗಳನ್ನು ಹೇಳುವೆವೆಂದೆವು. ಮೊದಲನೆಯದು ಅಶ್ಲೀಲ. ಒಂದು ಹಾಡಿನ ಹೆಸರೇ ಈ ಪುಟದಲ್ಲಿ ಅಚ್ಚುಮಾಡತಕ್ಕುದಲ್ಲ. ಇವು ಬೀದಿಯ ಭಾಷೆಯೆಂದೂ ಕಲೆಯು ಬೀದಿಯಿಂದ ಬಂದುದೆಂದೂ ಸಮಾಧಾನ ಹೇಳುವವರುಂಟು. ಆದರೆ ಬೀದಿಯಲ್ಲಿ ಆ ಶಬ್ದಕ್ಕೆ ಇರುವ ಕಸುವು ಇಪ್ಪತ್ತನೆಯ ಸಲದ ಹೊತ್ತಿಗೆ ಇಲ್ಲಿ ಇಲ್ಲವಾಗುತ್ತದೆ. ನಮ್ಮ ಆಕ್ಷೇಪ ಮಡಿವಂತಿಕೆಯದಲ್ಲ, ಔಚಿತ್ಯದ್ದು. ಎರಡನೆಯದು, ಕೈಯೆತ್ತಿ, ಕೂಗಿ, ಮತ್ತೆ ಕೂಗಿ ಎಂದು ಸಭೆಯನ್ನು ಪದೇ ಪದೇ ಕೆಣಕುವುದು. ಸಭೆಯಲ್ಲಿದ್ದವನಿಗೆ ಅದು ಉತ್ಸಾಹ. ಮನೆಯಲ್ಲಿ ಆರಾಮಕುರ್ಚಿಯಲ್ಲಿ ಕುಳಿತವನಿಗೆ ಪಕ್ಕದ ಮನೆಯ ಮದುವೆಯಂತೆ. ಮೂರನೆಯದು ಇನ್ನೂ ಗಂಭೀರವಾದುದು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿಯೂ ನ್ಯೂಯಾರ್ಕಿನಲ್ಲಿಯೂ ನಡೆದ ಬೇರೆ ಬೇರೆ ಕಚೇರಿಗಳ ತುಣುಕುಗಳನ್ನು ಹೊಲಿದು ಇದನ್ನು ಒಂದೇ ರಾತ್ರಿಯ ಕಚೇರಿಯಂತೆ ಕೇಳಿಸಿರುವರು. ಹೊಲಿಗೆಯು ಕುಶಲವಾದುದು, ಎಳೆ ಕಾಣದು. ಆದರೆ ಅಂದಿನ ಸಭೆಯೇ ಅಂದಿನ ಹಾಡನ್ನು ಮಾಡುವುದೆಂದು ಮೊದಲು ಹೇಳಿದೆವಲ್ಲ. ಎರಡು ಸಭೆಗಳ ಚಪ್ಪಾಳೆಯನ್ನು ಬೆರೆಸಿದ ಮೇಲೆ ಅದು ಯಾರ ಸಭೆ?

ಇನ್ನೊಂದು ಕೊರತೆಯನ್ನು ದೋಷವೆನ್ನಬೇಕೋ ಏನೋ ಅರಿಯೆವು. ಇವರ 1995, 1996, 1999ರ ಮೂರು ಮುದ್ರಿಕೆಗಳೂ ಅರ್ಸುಲಾ ರಕ್ಕರ್ ಎಂಬ ಕವಯಿತ್ರಿಯ ವಾಚನದಿಂದ ಮುಗಿಯುತ್ತಿದ್ದುವು. ಮೂರನೆಯದರಲ್ಲಿ ಮನೆಯೊಳಗಿನ ಹಿಂಸೆಯನ್ನೂ, ಹುಟ್ಟಿದ ಮಗನು ಅದೇ ದಾರಿ ಹಿಡಿದು ಅಳಿದುದನ್ನೂ ಅವರು ತಗ್ಗಿದ ದನಿಯಲ್ಲಿ ಹೇಳಿದುದನ್ನು ಕೇಳಿದವರು ಆ ರಾತ್ರಿ ನಿದ್ದೆ ಮಾಡಿರಲಾರರು. ಸಾಮಾಜಿಕ ಪ್ರಜ್ಞೆಯೆಂಬ ಬಿರುದಿಗೆ ಈ ಮೇಳದಲ್ಲಿ ಅತ್ಯಂತ ಅರ್ಹವಾದ ದನಿ ಅದೇ. ಕಚೇರಿ ಮುದ್ರಿಕೆಯಲ್ಲಿ ಅದಿಲ್ಲ. ಕುಣಿಯಲು ಬಂದ ಸಭೆಯ ಮುಂದೆ ಅದನ್ನು ಹೇಳುವುದು ಹೇಗೆ ಎಂದಿರಬಹುದು. ಹಾಗಿದ್ದರೆ, ಸಭೆಯು ಕಲೆಗೆ ಜೀವ ಕೊಡುವುದಷ್ಟೇ ಅಲ್ಲ, ಕೆಲವು ಮಾತುಗಳನ್ನು ನುಂಗಿಯೂ ಬಿಡುವುದೆಂದು ಒಪ್ಪಬೇಕಾಗುವುದು.

ಸಭೆಯೆಂದಾಗ ಜ್ಯೂರಿಕ್ ಮತ್ತೆ ನೆನಪಿಗೆ ಬರುವುದು. ‘ಥಿಂಗ್ಸ್ ಫಾಲ್ ಅಪಾರ್ಟ್’ ಮುದ್ರಿಕೆಯು ಸ್ಪೈಕ್ ಲೀಯವರ ‘ಮೋ ಬೆಟರ್ ಬ್ಲೂಸ್’ ಎಂಬ 1990ರ ಚಲಚ್ಚಿತ್ರದಿಂದ ತೆಗೆದ ಒಂದು ಸಂಭಾಷಣೆಯಿಂದ ಆರಂಭವಾಗುತ್ತದೆ. ಕಪ್ಪು ಜನರ ಸಂಗೀತವನ್ನು ಕೇಳುವುದಕ್ಕೆ ಕಪ್ಪು ಜನರೇ ಬರುವುದಿಲ್ಲವಲ್ಲ ಎಂದು ಒಬ್ಬ ವಾದಕನ ಅಳಲು; ಅವರಿಗೆ ಹಿತವಾದುದನ್ನು ನುಡಿಸಿದರೆ ಬಂದಾರು ಎಂದು ಇನ್ನೊಬ್ಬನ ಪ್ರತ್ಯುತ್ತರ. ರೂಟ್ಸ್ ಮೇಳಕ್ಕೆ ಈ ವಾಗ್ವಾದ ಹೊರಗಿನದಲ್ಲ. ಅವರು ಮೊದಲ ಮುದ್ರಿಕೆಯನ್ನು ಕಟ್ಟಿದುದೇ ಜರ್ಮನಿಯಲ್ಲಿ ಮಾರುವುದಕ್ಕೆ. ಜ್ಯೂರಿಕ್‌ನ ಸಭೆಗೆ ಇಂಗ್ಲಿಷು ಮನೆಮಾತಲ್ಲ; ಫಿಲಡೆಲ್ಫಿಯಾದ ಓಣಿಗಳ ಹೆಸರು ಅವರಿಗೆ ಬರಿಯ ಶಬ್ದ. ಆದರೂ ಅವರು ಸರಿಯಾದ ಎಡೆಯಲ್ಲಿ ಸರಿಯಾಗಿ ಓಗೊಡುತ್ತಾರೆ. ಅವರು ಓಗೊಡುವುದು ಲಯಕ್ಕೆ, ಅರ್ಥಕ್ಕಲ್ಲ. ಅವರನ್ನು ನೋಡಿ ನಗುವುದಕ್ಕೆ ನಮಗೇನೂ ಅಧಿಕಾರವಿಲ್ಲ. ಜಿಲ್ಲೆಯ ಊರೊಂದರಲ್ಲಿ ಕುಳಿತು, ಮೊಮ್ಮಗನು ಬರೆದುಕೊಟ್ಟ ಅರ್ಥಸೂಚಿಯನ್ನು ಕೈಯಲ್ಲಿ ಹಿಡಿದು, ಡ್ರಮ್ಮಿಗೆ ತೊಡೆಯ ಮೇಲೆ ತಾಳಹಾಕುವ ನಾವೂ ಜ್ಯೂರಿಕ್‌ನ ಸಭೆಯವರೇ. ಆ ಜನರ ಕಷ್ಟದಿಂದ ಹುಟ್ಟಿದುದನ್ನು ಕಷ್ಟವನ್ನು ಬಿಟ್ಟು ರಸವನ್ನು ಮಾತ್ರ ಹೀರುತ್ತಿರುವೆವೋ ಎಂಬ ಶಂಕೆ ಮುದ್ರಿಕೆಯನ್ನು ಕೇಳುವಾಗಲೆಲ್ಲ ನಮ್ಮನ್ನು ಕಾಡಿದೆ. ಅರ್ಥಸೂಚಿಯಿಂದ ಅದು ಪರಿಹಾರವಾಗಲಿಲ್ಲ.

ಆಮೇಲಿನ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುವೆವು. ಈ ಮುದ್ರಿಕೆಯಲ್ಲಿ ಕೇಳುವ ಮೇಳವು ಹೀಗೆಯೇ ಉಳಿಯಲಿಲ್ಲ. ಮೊದಲಿನಿಂದ ಇದ್ದ ರಾಪ್ ಕವಿ ಮಾಲಿಕ್ ಬಿ. ಆ ಕಾಲಕ್ಕೆ ಮಾದಕದ್ರವ್ಯಕ್ಕೆ ಸಿಕ್ಕಿ ಮೇಳದಿಂದ ದೂರವಾದನು; 2002ರ ‘ಫ್ರೆನಾಲಜಿ’ ಮುದ್ರಿಕೆಯಲ್ಲಿ ‘ವಾಟರ್’ ಎಂಬ ಹಾಡನ್ನು ಬ್ಲ್ಯಾಕ್ಥಾಟ್ ಅವನನ್ನು ಕುರಿತೇ ಬರೆದುದು. ಮಾಲಿಕ್ 2020ರಲ್ಲಿ ತೀರಿಕೊಂಡನು. ರಾಜೆಲ್, ಸ್ಕ್ರ್ಯಾಚ್ ತಮ್ಮ ದಾರಿ ಹಿಡಿದರು. ಬೇಸ್ ಗಿಟಾರಿನ ಲಿಯೊನಾರ್ಡ್ ಹಬರ್ಡ್ 2007ರಲ್ಲಿ ಮೇಳವನ್ನು ಬಿಟ್ಟು 2021ರಲ್ಲಿ ಕಾಲವಾದನು. 2009ರಿಂದ ಈ ಮೇಳವು ಜಿಮ್ಮಿ ಫ್ಯಾಲನ್ ಎಂಬುವರ ದೂರದರ್ಶನದ ರಾತ್ರಿಕಾರ್ಯಕ್ರಮದ ಆಸ್ಥಾನಮೇಳವಾಗಿ ನಿಂತಿತು. ಬೀದಿಯಲ್ಲಿ ಹುಟ್ಟಿದವರು ಆಸ್ಥಾನ ಸೇರಿದರೆಂದು ಆಡಿಕೊಂಡವರುಂಟು. ಆದರೆ 1969ರ ಹಾರ್ಲೆಮ್ ಸಂಗೀತೋತ್ಸವದ ಚಿತ್ರಸುರುಳಿಗಳು ಐವತ್ತು ವರ್ಷ ಕತ್ತಲಲ್ಲಿ ಬಿದ್ದಿದ್ದುದನ್ನು ‘ಸಮ್ಮರ್ ಆಫ್ ಸೋಲ್’ ಎಂಬ ಚಲಚ್ಚಿತ್ರವಾಗಿ 2021ರಲ್ಲಿ ಹೊರಕ್ಕೆ ತಂದವನೂ ಈ ಕ್ವೆಸ್ಟ್‌ಲವ್‌ನೇ. ಅದಕ್ಕೆ 2022ರಲ್ಲಿ ಆಸ್ಕರ್ ಪ್ರಶಸ್ತಿ ಬಂದಿತು. ಮರೆತ ಸಭೆಯೊಂದನ್ನು ಮತ್ತೆ ಕೇಳಿಸುವ ಹವ್ಯಾಸ ಆತನಿಗೆ ಹಳೆಯದು.

ಹಬರ್ಡನ ಬೇಸ್ ಈ ಮುದ್ರಿಕೆಯಲ್ಲಿ ಬಹಳ ಕೆಳಗಿದೆ. ಸಣ್ಣ ಯಂತ್ರದಲ್ಲಿ ಕೇಳಿದರೆ ಅದು ಇದೆಯೆಂದೇ ತಿಳಿಯುವುದಿಲ್ಲ. ಕೇಳಬಯಸುವವರು ಒಳ್ಳೆಯ ಸ್ಪೀಕರಿನಲ್ಲಿ, ಮನೆಯ ಮಕ್ಕಳು ಶಾಲೆಗೆ ಹೋಗಿರುವ ಹೊತ್ತಿನಲ್ಲಿ, ಮೊದಲಿನಿಂದ ಹೊರಡದೆ ‘ಎಸ್ಸೇವ್ಯೂಮನ್’ ಭಾಗದಿಂದ ಆರಂಭಿಸಿ ‘ಯು ಗಾಟ್ ಮಿ’ವರೆಗೆ ಕೇಳಲಿ, ಅನಂತರ ಬೇಕೆನ್ನಿಸಿದರೆ ಮೊದಲಿಗೆ ಹಿಂದಿರುಗಬಹುದು. ಅರ್ಥಸೂಚಿಯು ನಮ್ಮಲ್ಲಿದೆ, ಅಪೇಕ್ಷೆಪಟ್ಟವರಿಗೆ ಸಂಘದ ವಾಚನಾಲಯದಲ್ಲಿ ಇಟ್ಟಿರುವೆವು. ಮೊಮ್ಮಗನು ದಸರೆಗೆ ಬಂದಾಗ ಮುದ್ರಿಕೆಯನ್ನು ಹಿಂದಕ್ಕೆ ಕೇಳಿಯಾನೆಂಬ ಚಿಂತೆಯೊಂದು ಉಳಿದಿದೆ.